ವಾರಕ್ಕೊಂದೇ ಮಾತ್ರೆ, ಆದ್ರೂ ಯಾಕೆ ನಿಂತುಹೋಗತ್ತೆ?

ಮೂಳೆ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸ್ಕೂಲ್ ಲ್ಯಾಬಿನ ಮೂಲೆಯಲ್ಲಿ ನೇತಾಡ್ತಿದ್ದ ಅಸ್ಥಿಪಂಜರ. ಒಣಗಿದ, ಗಟ್ಟಿಯಾದ, ಬದಲಾಗದ ವಸ್ತು. ಆದರೆ ಬದುಕಿರುವ ಮನುಷ್ಯನ ಮೂಳೆ ಹಾಗಲ್ಲ. ಅದು ವರ್ಷವಿಡೀ ರಿಪೇರಿ ನಡೀತಾನೇ ಇರುವ ಕಟ್ಟಡ. ವಯಸ್ಕರ ದೇಹದಲ್ಲಿ ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಮೂಳೆ ಹಳೆಯದು ಹೋಗಿ ಹೊಸದಾಗುತ್ತದೆ. ಈ ರಿಪೇರಿ ಕೆಲಸದ ಲೆಕ್ಕ ತಪ್ಪಿದಾಗ ಬರುವ ಕಾಯಿಲೆಯೇ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಒಳಗಿಂದ ಟೊಳ್ಳಾಗುತ್ತಾ ಹೋಗುವುದು.

ಇದಕ್ಕೆ ಒಳ್ಳೆ ಮಾತ್ರೆಗಳಿವೆ. ವಾರಕ್ಕೆ ಒಂದೇ ಒಂದು ನುಂಗಿದರೆ ಸಾಕು. ಆದರೂ ಶುರು ಮಾಡಿದವರಲ್ಲಿ ತುಂಬಾ ಜನ ಒಂದೆರಡು ವರ್ಷದೊಳಗೆ ನಿಲ್ಲಿಸಿಬಿಡ್ತಾರೆ. ಯಾಕೆ? "ವಯಸ್ಸಾಯ್ತು, ಮರೆವು" ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋದು ಸುಲಭ. ಆದರೆ ಓದ್ತಾ ಹೋದ ಹಾಗೆ ನಮಗೆ ಅನ್ನಿಸಿದ್ದು, ಇದು ಬರೀ ಮರೆವಿನ ವಿಷಯ ಅಲ್ಲ, ಡಿಸೈನ್‌ನ ವಿಷಯ. ಹಾಗಾಗಿ ಈ ಸಲ ನಮ್ಮ ಪತ್ರಿಕೆಗೆ ಇದನ್ನೇ ಬರೀತಿದ್ದೀವಿ.

ಮೂಳೆಯೊಳಗಿನ ಟ್ರಸ್

ಮೂಳೆಯಲ್ಲಿ ಎರಡು ತರದ ಕೆಲಸಗಾರ ಜೀವಕೋಶಗಳಿವೆ. ಆಸ್ಟಿಯೋಕ್ಲಾಸ್ಟ್‌ಗಳು ಹಳೆಯ, ಸಣ್ಣ ಬಿರುಕು ಬಿಟ್ಟ ಮೂಳೆಯನ್ನು ಅಗೆದು ತೆಗೆಯುತ್ತವೆ. ಆಸ್ಟಿಯೋಬ್ಲಾಸ್ಟ್‌ಗಳು ಆ ಗುಂಡಿಯನ್ನು ಹೊಸ ಮೂಳೆಯಿಂದ ತುಂಬುತ್ತವೆ. ಚಿಕ್ಕ ವಯಸ್ಸಲ್ಲಿ ಅಗೆದಷ್ಟೂ ತುಂಬತ್ತೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಅಗೆಯುವ ಕೆಲಸ ಜೋರಾಗುತ್ತದೆ, ತುಂಬುವ ಕೆಲಸ ಅದರ ಹಿಂದೆ ಓಡಿ ಸುಸ್ತಾಗುತ್ತದೆ. ಗಂಡಸರಿಗೂ ವಯಸ್ಸಾದಂತೆ ಇದು ಬರುತ್ತದೆ, ಸ್ವಲ್ಪ ನಿಧಾನವಾಗಿ.

ಮೆಕ್ಯಾನಿಕಲ್, ಸಿವಿಲ್ ಗೆಳೆಯರಿಗೆ ಇಲ್ಲಿ ಒಂದು ಮಜಾ ಇದೆ. ಬೆನ್ನುಮೂಳೆಯ ಒಳಭಾಗ ಗಟ್ಟಿ ಕಲ್ಲಿನ ತರ ಇರೋದಿಲ್ಲ, ಉದ್ದ ಅಡ್ಡ ಕಡ್ಡಿಗಳನ್ನು ಜೋಡಿಸಿದ ಟ್ರಸ್ ತರ ಇರುತ್ತದೆ. ಕಟ್ಟಡಕ್ಕೆ ಸಾರವೆ ಕಟ್ಟಿರ್ತಾರಲ್ಲ, ಹಾಗೆ. ಕಾಯಿಲೆಯಲ್ಲಿ ಈ ಕಡ್ಡಿಗಳು ತೆಳ್ಳಗಾಗುವುದಷ್ಟೇ ಅಲ್ಲ, ಅಡ್ಡ ಕಡ್ಡಿಗಳು ಪೂರ್ತಿ ಕಳಚಿಯೇ ಹೋಗುತ್ತವೆ. ಆಯ್ಲರ್ ಬಕ್ಲಿಂಗ್ ಸೂತ್ರ ನೆನಪು ಮಾಡ್ಕೊಳ್ಳಿ: ಕಂಬ ತಡೆಯುವ ಭಾರ, ಆಸರೆ ಇಲ್ಲದ ಉದ್ದದ ವರ್ಗಕ್ಕೆ ವಿಲೋಮ. ಮಧ್ಯದ ಒಂದು ಅಡ್ಡ ಕಡ್ಡಿ ಹೋದರೆ ಆ ಉದ್ದ ಎರಡು ಪಟ್ಟು, ತಡೆಯುವ ಭಾರ ನಾಲ್ಕನೇ ಒಂದು ಭಾಗ. ಅಂದರೆ ಹೋದ ಮೂಳೆ ಸ್ವಲ್ಪವೇ ಆದರೂ ಹೋದ ಶಕ್ತಿ ತುಂಬಾ. ಬಕೆಟ್ ಎತ್ತಿದಾಗ, ಬಸ್ಸು ಹಂಪ್ ಮೇಲೆ ಎಗರಿದಾಗ ಬೆನ್ನುಮೂಳೆ ಕುಸಿಯೋದು ಇದೇ ಕಾರಣಕ್ಕೆ. ವಯಸ್ಸಾದವರು ಗಿಡ್ಡ ಆಗ್ತಾರೆ, ಗೂನು ಬೀಳ್ತಾರೆ ಅಂತೀವಲ್ಲ, ಎಷ್ಟೋ ಸಲ ಅದು ಯಾರಿಗೂ ಗೊತ್ತಾಗದೆ ಆದ ಫ್ರಾಕ್ಚರ್.

ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯೋದು ಎಲ್ಲಕ್ಕಿಂತ ಕೆಟ್ಟದ್ದು. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ, ಹೀಗೆ ಮುರಿದುಕೊಂಡ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ತುಂಬಾ ಜನಕ್ಕೆ ಮೊದಲಿನ ಹಾಗೆ ಒಬ್ಬರೇ ಓಡಾಡೋಕೆ ಆಗಲ್ಲ. "ಬಚ್ಚಲಲ್ಲಿ ಬಿದ್ರು, ಆಮೇಲೆ ಏಳ್ಲೇ ಇಲ್ಲ" ಅನ್ನೋ ಮಾತು ನಮ್ಮೂರುಗಳಲ್ಲಿ ಎಲ್ಲರೂ ಕೇಳಿರೋದೇ.

ನೋಯದ ಕಾಯಿಲೆ

ಆಡುಮಾತಿನಲ್ಲಿ ನಾವು ಎಲ್ಲದಕ್ಕೂ "ಮೂಳೆ ಸವೆತ" ಅಂದುಬಿಡ್ತೀವಿ. ಇದರಿಂದ ದೊಡ್ಡ ಗೊಂದಲ ಆಗಿದೆ. ಮಂಡಿ ಸವೆಯೋದು ಬೇರೆ ಕಾಯಿಲೆ, ಅಲ್ಲಿ ಹಾಳಾಗೋದು ಕೀಲು. ಅದು ನೋಯತ್ತೆ, ಮೆಟ್ಟಿಲು ಹತ್ತುವಾಗ ದಿನಾ ನೆನಪು ಮಾಡಿಕೊಡತ್ತೆ. ಆಸ್ಟಿಯೋಪೊರೋಸಿಸ್ ಮೂಳೆ ಮುರಿಯೋವರೆಗೂ ನೋಯೋದೇ ಇಲ್ಲ. ಅದನ್ನು ಕಂಡುಹಿಡಿಯೋಕೆ ಡೆಕ್ಸಾ ಅನ್ನೋ ಸ್ಕ್ಯಾನ್ ಇದೆ. ಅದರಲ್ಲಿ ಟಿ-ಸ್ಕೋರ್ ಅಂತ ಒಂದು ಸಂಖ್ಯೆ ಬರುತ್ತದೆ: ಆರೋಗ್ಯವಂತ ಯುವಜನರ ಸರಾಸರಿಗಿಂತ ನಿಮ್ಮ ಮೂಳೆ ಸಾಂದ್ರತೆ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ಕೆಳಗಿದೆ ಅಂತ. -2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು.

ಇನ್ನೊಂದು ಗೊಂದಲ ಕ್ಯಾಲ್ಸಿಯಂ ಮಾತ್ರೆಯದ್ದು. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಬೇಕು. ಆದರೆ ಅವು ಇಟ್ಟಿಗೆ, ಸಿಮೆಂಟು. ಅಗೆಯುವ ಕೆಲಸ ನಿಲ್ಲಿಸುವ ಮಾತ್ರೆ ಬೇರೆ. "ಕ್ಯಾಲ್ಸಿಯಂ ತಗೋತಿದೀನಲ್ಲ, ಸಾಕು" ಅಂತ ಅಸಲಿ ಮಾತ್ರೆ ಬಿಟ್ಟವರು ತುಂಬಾ ಜನ ಇದ್ದಾರೆ.

ಪೈಪಿನಿಂದ ಮೂಳೆಗೆ

ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಕಾಯಿಲ್‌ಗೆ ಬಿಳಿ ಉಪ್ಪು ಕಟ್ಟಿರೋದು ನೋಡಿರ್ತೀರಾ. ಫ್ಯಾಕ್ಟರಿಗಳ ಪೈಪುಗಳಲ್ಲೂ ಇದೇ ತೊಂದರೆ. ಇದನ್ನು ತಡೆಯೋಕೆ ನೀರಿಗೆ ಫಾಸ್ಫೇಟ್ ಜಾತಿಯ ರಾಸಾಯನಿಕ ಸೇರಿಸ್ತಾರೆ. ಅವು ಕ್ಯಾಲ್ಸಿಯಂ ಹರಳುಗಳಿಗೆ ಅಂಟಿಕೊಂಡು ಅವು ಬೆಳೆಯದ ಹಾಗೆ ಮಾಡುತ್ತವೆ.

1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಅವರ ಸಂಗಡಿಗರು ನಮ್ಮ ದೇಹದಲ್ಲೂ ಪೈರೋಫಾಸ್ಫೇಟ್ ಅನ್ನೋ ವಸ್ತು ಇದೇ ಕೆಲಸ ಮಾಡ್ತಿದೆ ಅಂತ ಕಂಡುಕೊಂಡರು. ಅದನ್ನೇ ಔಷಧಿಯಾಗಿ ಬಾಯಿಗೆ ಕೊಟ್ಟರೆ ದೇಹ ಒಡೆದು ಹಾಕಿಬಿಡತ್ತೆ. ಅದರ ಎರಡು ಫಾಸ್ಫರಸ್‌ಗಳ ನಡುವೆ ಆಕ್ಸಿಜನ್ ಇದೆ, ಆ ಕೊಂಡಿ ಸುಲಭವಾಗಿ ತುಂಡಾಗತ್ತೆ. ಆಕ್ಸಿಜನ್ ಜಾಗದಲ್ಲಿ ಕಾರ್ಬನ್ ಇಟ್ಟರೆ? ಅಂಥ ವಸ್ತುಗಳು ಆಗಲೇ ಕೈಗಾರಿಕೆಗಳಲ್ಲಿ ಬಳಕೆಯಲ್ಲಿದ್ದವು. ಅವನ್ನು ದೇಹ ಒಡೆಯೋಕೆ ಆಗಲ್ಲ. ಅವೇ ಬಿಸ್ಫಾಸ್ಫೋನೇಟ್‌ಗಳು. ಇವು ಮೂಳೆಯ ಮೇಲ್ಮೈಗೆ ಹೋಗಿ ಅಂಟಿಕೊಳ್ಳುತ್ತವೆ. ಅಲ್ಲಿ ಅಗೆಯೋಕೆ ಬಂದ ಆಸ್ಟಿಯೋಕ್ಲಾಸ್ಟ್ ಮೂಳೆ ಜೊತೆ ಔಷಧಿಯನ್ನೂ ನುಂಗಿ ಕೈಚೆಲ್ಲಿ ಕೂರುತ್ತದೆ. ಈ ಗುಂಪಿನ ಅಲೆಂಡ್ರೊನೇಟ್ ಅನ್ನೋ ಮಾತ್ರೆಗೆ ಅಮೆರಿಕದಲ್ಲಿ ಆಸ್ಟಿಯೋಪೊರೋಸಿಸ್‌ಗೆ ಅನುಮತಿ ಸಿಕ್ಕಿದ್ದು 1995ರಲ್ಲಿ. ಮೊದಲು ದಿನಾ 10 ಮಿಲಿಗ್ರಾಂ ಇತ್ತು, ಆಮೇಲೆ ವಾರಕ್ಕೊಮ್ಮೆ 70 ಮಿಲಿಗ್ರಾಂ ಬಂತು. ಈಗ ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡೋದು ಈ ವಾರದ ಮಾತ್ರೆಯನ್ನೇ.

ಇಷ್ಟೊಂದು ರೂಲ್ಸ್ ಯಾಕೆ?

ಈ ಮಾತ್ರೆ ತಗೊಳ್ಳೋ ಕ್ರಮ ಹೀಗಿದೆ. ಬೆಳಿಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಅಗಿಯಬಾರದು, ಚೀಪಬಾರದು. ಆಮೇಲೆ ಕನಿಷ್ಠ 30 ನಿಮಿಷ ಏನೂ ತಿನ್ನಬಾರದು, ಕಾಫಿ ಟೀ ಕುಡಿಯಬಾರದು, ಬೇರೆ ಮಾತ್ರೆ ತಗೋಬಾರದು. ಮತ್ತೆ ಮಲಗಬಾರದು. ಕೂತಿರಬೇಕು ಅಥವಾ ಓಡಾಡಬೇಕು.

ಡಾಕ್ಟರ್ ಸುಮ್ನೆ ಸತಾಯಿಸೋಕೆ ಹೇಳಿದ್ದಲ್ಲ ಇದು. ಈ ಮಾತ್ರೆ ಕರುಳಿನಿಂದ ರಕ್ತಕ್ಕೆ ಹೋಗೋದೇ ಶೇಕಡಾ 0.6ರಷ್ಟು. ಲೆಕ್ಕ ಹಾಕಿ: 70 ಮಿಲಿಗ್ರಾಂ ನುಂಗಿದರೆ ಒಳಗೆ ಸೇರೋದು ಸುಮಾರು 0.4 ಮಿಲಿಗ್ರಾಂ. ಅದರಲ್ಲಿ ಅರ್ಧದಷ್ಟು ಮೂತ್ರದಲ್ಲಿ ಹೋಗಿ, ಮೂಳೆಗೆ ಸಿಗೋದು 0.2 ಮಿಲಿಗ್ರಾಂ. ಒಂದು ಸಕ್ಕರೆ ಕಾಳಿಗಿಂತ ಹಗುರ. ಕಾಫಿ ಅಥವಾ ಕಿತ್ತಳೆ ರಸದ ಜೊತೆ ತಗೊಂಡರೆ ಇದೂ ಶೇಕಡಾ 60ರಷ್ಟು ಕಡಿಮೆಯಾಗತ್ತೆ. ತಿಂಡಿಯ ಜೊತೆ ಅಥವಾ ತಿಂಡಿ ಆದ ಮೇಲೆ ತಗೊಂಡರೆ ಹೆಚ್ಚುಕಮ್ಮಿ ಸೊನ್ನೆ. ಹಾಲಿನಲ್ಲಿ, ಕ್ಯಾಲ್ಸಿಯಂ ಮಾತ್ರೆಯಲ್ಲಿ, ಆಂಟಾಸಿಡ್‌ನಲ್ಲಿ ಇರೋ ಲೋಹಗಳಿಗೆ ಇದು ಹೊಟ್ಟೆಯಲ್ಲೇ ಅಂಟಿಕೊಂಡುಬಿಡತ್ತೆ. ಗೀಸರ್ ಉಪ್ಪಿಗೆ ಅಂಟುವ ಗುಣವೇ ಇಲ್ಲಿ ತೊಂದರೆ. ಅದಕ್ಕೇ ತುಂಬಾ ಗಡಸು ನೀರು ಬರುವ ಊರಲ್ಲಿ ಖನಿಜಾಂಶ ಕಡಿಮೆ ಇರುವ ನೀರು ಬಳಸೋದು ಒಳ್ಳೇದು.

ಕೂತಿರಬೇಕು ಅನ್ನೋದಕ್ಕೆ ಕಾರಣ ಬೇರೆ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಸುಟ್ಟ ಹಾಗೆ ಹುಣ್ಣಾಗಬಹುದು. ನೀರು ಜಾಸ್ತಿ ಕುಡಿದು ನೆಟ್ಟಗೆ ಇದ್ದರೆ ಅದು ಸೀದಾ ಕೆಳಗೆ ಇಳಿಯತ್ತೆ. ಅನ್ನನಾಳದ ತೊಂದರೆ ಇರುವವರಿಗೆ, ಅರ್ಧ ಗಂಟೆ ನೆಟ್ಟಗೆ ಕೂರಲು ಆಗದವರಿಗೆ, ಕಿಡ್ನಿ ತುಂಬಾ ದುರ್ಬಲ ಇರುವವರಿಗೆ ಈ ಮಾತ್ರೆ ಕೊಡೋದಿಲ್ಲ.

ಯಾಕೆ ಬಿಡ್ತಾರೆ?

ಅಮೆರಿಕದಲ್ಲಿ ಬಿಸ್ಫಾಸ್ಫೋನೇಟ್ ತಗೋತಿದ್ದ 35 ಸಾವಿರಕ್ಕೂ ಹೆಚ್ಚು ಹೆಂಗಸರು ಎರಡು ವರ್ಷದಲ್ಲಿ ಎಷ್ಟು ಮಾತ್ರೆ ಕೊಂಡರು ಅನ್ನೋ ದಾಖಲೆ ನೋಡಿ 2006ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೇಳಿದ್ದರಲ್ಲಿ ಕನಿಷ್ಠ ಶೇಕಡಾ 80ರಷ್ಟು ದಿನಕ್ಕೆ ಸಾಕಾಗುವ ಮಾತ್ರೆ ಕೊಂಡವರು ಶೇಕಡಾ 43. ಎರಡು ವರ್ಷ ನಡುವೆ ಬಿಡದೆ ಮುಂದುವರಿಸಿದವರು ಶೇಕಡಾ 20 ಮಾತ್ರ. ಸರಿಯಾಗಿ ತಗೊಂಡವರಲ್ಲಿ ಫ್ರಾಕ್ಚರ್ ಕಡಿಮೆ ಇತ್ತು. ಅರ್ಧಕ್ಕಿಂತ ಕಡಿಮೆ ತಗೊಂಡವರಿಗೂ, ತಗೊಳ್ಳದೇ ಇರುವವರಿಗೂ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ವಾರದ ಮಾತ್ರೆಗೆ ಇದನ್ನು ಹೊಂದಿಸಿದರೆ, ವರ್ಷದ 52ರಲ್ಲಿ 42 ತಗೊಂಡರೆ ಪಾಸು, 26ಕ್ಕಿಂತ ಕಡಿಮೆ ತಗೊಂಡರೆ ದುಡ್ಡೂ ಹೋಯ್ತು, ಮೂಳೆಯೂ ಹೋಯ್ತು.

ಅಂಕಿಅಂಶ ಬಿಟ್ಟು ಮನೆ ಕಡೆ ಬರೋಣ. ನಮ್ಮಜ್ಜಿ, ಅಮ್ಮನ ಅಮ್ಮ, ಮಣಿಕಟ್ಟು ಮುರಿದುಕೊಂಡಾಗ ಡಾಕ್ಟರ್ ಇದೇ ವಾರದ ಮಾತ್ರೆ ಬರೆದುಕೊಟ್ಟಿದ್ದರು. ಆರು ತಿಂಗಳಾದ ಮೇಲೆ ಅಮ್ಮ ಊರಿಗೆ ಹೋದಾಗ ಅಡುಗೆಮನೆ ಡಬ್ಬಿಯೊಂದರಲ್ಲಿ ಒಡೆಯದ ಸ್ಟ್ರಿಪ್‌ಗಳು ಸಿಕ್ಕಿದವು. ಯಾಕಮ್ಮ ತಗೊಂಡಿಲ್ಲ ಅಂತ ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು: "ಕೈ ಕೂಡ್ಕೊಂಡ್ತಲ್ಲ ಕಣೇ. ನೋವಿಲ್ಲ, ಏನಿಲ್ಲ. ಬೆಳಿಗ್ಗೆ ಎದ್ದು ಕಾಫಿ ಇಲ್ದೆ ಅರ್ಧ ಗಂಟೆ ಗೊಂಬೆ ತರ ಕೂತ್ಕೊಬೇಕಂತೆ. ಥೈರಾಯ್ಡ್ ಮಾತ್ರೆನೂ ಖಾಲಿ ಹೊಟ್ಟೆಗೇ ಅಂತಾರೆ. ಯಾವ್ದು ಮೊದ್ಲು ನುಂಗ್ಲಿ?"

ಇದರಲ್ಲಿ ಮರೆವು ಎಲ್ಲಿದೆ ಹೇಳಿ? ಅಜ್ಜಿಗೆ ಎಲ್ಲ ನೆನಪಿದೆ. ಅವರು ಲೆಕ್ಕ ಹಾಕಿ ತೀರ್ಮಾನ ತಗೊಂಡಿದ್ದಾರೆ. ಅವರ ಮೂರೂ ಮಾತು ನ್ಯಾಯವಾದದ್ದೇ.

ಮೊದಲನೆಯದು, ನೋವಿಲ್ಲ. ತಲೆನೋವಿನ ಮಾತ್ರೆ ನುಂಗಿದರೆ ಗಂಟೆಯೊಳಗೆ ಗೊತ್ತಾಗತ್ತೆ. ಬಿಪಿ, ಶುಗರ್ ಮಾತ್ರೆ ಆದರೆ ಮೆಷಿನ್‌ನಲ್ಲಿ ನಂಬರ್ ಆದರೂ ನೋಡಬಹುದು. ಇಲ್ಲಿ ತಗೊಂಡರೂ ಏನೂ ಗೊತ್ತಾಗಲ್ಲ, ಬಿಟ್ಟರೂ ಏನೂ ಗೊತ್ತಾಗಲ್ಲ. 1996ರಲ್ಲಿ ಪ್ರಕಟವಾದ ಅಲೆಂಡ್ರೊನೇಟ್‌ನ ದೊಡ್ಡ ಪರೀಕ್ಷೆ ನೋಡಿ. ಆಗಲೇ ಬೆನ್ನುಮೂಳೆ ಫ್ರಾಕ್ಚರ್ ಆಗಿದ್ದ 2027 ಹೆಂಗಸರನ್ನು ಸುಮಾರು ಮೂರು ವರ್ಷ ಗಮನಿಸಿದರು. ಬರೀ ಹುಸಿಮಾತ್ರೆ ತಗೊಂಡ ಗುಂಪಿನಲ್ಲಿ ನೂರಕ್ಕೆ 15 ಜನಕ್ಕೆ ಹೊಸದಾಗಿ ಬೆನ್ನುಮೂಳೆ ಕುಸಿಯಿತು, ಔಷಧಿ ಗುಂಪಿನಲ್ಲಿ ನೂರಕ್ಕೆ 8. ಹೆಚ್ಚುಕಡಿಮೆ ಅರ್ಧ. ಸೊಂಟದ ಫ್ರಾಕ್ಚರ್ ಕೂಡ ಅರ್ಧಕ್ಕೆ ಇಳಿಯಿತು. ಒಳ್ಳೆ ಫಲಿತಾಂಶವೇ. ಆದರೆ ನೂರು ಜನರಲ್ಲಿ ಉಳಿದುಕೊಂಡ ಆ ಏಳು ಜನ ಯಾರು? ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮುರಿಯದ ಮೂಳೆ "ನಾನು ಮುರೀಲಿಲ್ಲ ನೋಡು" ಅಂತ ಬಂದು ಹೇಳಲ್ಲ. ಕಂಟ್ರೋಲ್ ಸಿಸ್ಟಮ್ ಭಾಷೆಯಲ್ಲಿ ಹೇಳೋದಾದರೆ ಇದು ಫೀಡ್‌ಬ್ಯಾಕ್ ಇಲ್ಲದ ಓಪನ್ ಲೂಪ್. ಇಂಥದ್ದನ್ನು ವರ್ಷಗಟ್ಟಲೆ ನಂಬಿಕೆ ಮೇಲೆ ನಡೆಸಿ ಅಂತ ಹೇಳ್ತಿದ್ದೀವಿ.

ಎರಡನೆಯದು, ಕಾಫಿ. ನಗಬೇಡಿ. ಐವತ್ತು ವರ್ಷದಿಂದ ಎದ್ದ ಕೂಡಲೇ ಕಾಫಿ ಕುಡಿದವರಿಗೆ ಅದೊಂದು ಪಾನೀಯ ಅಲ್ಲ, ದಿನ ಶುರುವಾಗೋ ಸ್ವಿಚ್ಚು. ಆ ಸ್ವಿಚ್ಚಿನ ಮೇಲೆ ಕೈ ಇಟ್ಟು ತಡೆಯುವ ಮಾತ್ರೆ ಯಾರಿಗೆ ಇಷ್ಟ ಆಗತ್ತೆ?

ಮೂರನೆಯದು, ಒಂದಕ್ಕೊಂದು ಹೊಂದದ ಸೂಚನೆಗಳು. ಅಂಗಡಿಯಲ್ಲಿ ಸಿಗುವ ಮಾತ್ರೆ ಡಬ್ಬಿಯಲ್ಲಿ "ಬೆಳಿಗ್ಗೆ" ಅನ್ನೋ ಖಾನೆ ಒಂದೇ. ಮನೆಯವರು ಪ್ರೀತಿಯಿಂದ ಅದಕ್ಕೇ ಕ್ಯಾಲ್ಸಿಯಂ, ಬಿಪಿ, ಇದು ಎಲ್ಲ ಹಾಕಿಡ್ತಾರೆ. ಅಜ್ಜಿ ಒಂದೂ ಬಿಡದೆ ನುಂಗಿದರೂ ಈ ಮಾತ್ರೆ ಮಾತ್ರ ಕ್ಯಾಲ್ಸಿಯಂಗೆ ಅಂಟಿಕೊಂಡು ಹೊರಗೆ ಹೋಗಿರುತ್ತದೆ.

ನಾಲ್ಕನೆಯದು ಅಜ್ಜಿ ಹೇಳಲಿಲ್ಲ, ಆದರೆ ತುಂಬಾ ಜನ ಹೇಳ್ತಾರೆ: ಭಯ. ಈ ಮಾತ್ರೆಯಿಂದ ದವಡೆ ಮೂಳೆ ಕೊಳೆಯತ್ತಂತೆ, ತೊಡೆಮೂಳೆ ತಾನೇ ಮುರಿಯತ್ತಂತೆ ಅಂತ ವಾಟ್ಸಾಪಲ್ಲಿ ಬರತ್ತೆ. ಇವು ಸುಳ್ಳಲ್ಲ, ಆದರೆ ಬಹಳ ಅಪರೂಪ. ದವಡೆಯ ತೊಂದರೆ, ಬಾಯಿಗೆ ತಗೊಳ್ಳುವ ಡೋಸ್‌ನಲ್ಲಿ, ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಒಬ್ಬರು ಅಥವಾ ಅದಕ್ಕೂ ಕಡಿಮೆ ಅಂತ ಅಂದಾಜು. ತೊಡೆಯ ಅಪರೂಪದ ಫ್ರಾಕ್ಚರ್ ಹೆಚ್ಚು ವರ್ಷ ತಗೊಂಡಷ್ಟೂ ಸಾಧ್ಯತೆ ಏರುವಂಥದ್ದು. ಇಂಥ ಸುದ್ದಿಗಳು ಬಂದ ಮೇಲೆ ಅಮೆರಿಕದಲ್ಲಿ 2008ರಿಂದ 2012ರೊಳಗೆ ಬಾಯಿಗೆ ತಗೊಳ್ಳುವ ಬಿಸ್ಫಾಸ್ಫೋನೇಟ್ ಬಳಕೆ ಅರ್ಧಕ್ಕಿಂತ ಕೆಳಗೆ ಬಿತ್ತು. ಅಪರೂಪದ ಅಪಾಯ ಪೇಪರಿನಲ್ಲಿ ಬರತ್ತೆ, ದಿನಾ ಆಗುವ ಸೊಂಟದ ಫ್ರಾಕ್ಚರ್ ಯಾವ ಪೇಪರಲ್ಲೂ ಬರಲ್ಲ.

ಏನು ಮಾಡಿದರೆ ನಡೆಯತ್ತೆ?

ಇಂಜಿನಿಯರಿಂಗ್ ತಲೆಗೆ ಮೊದಲು ಹೊಳೆಯೋದು ಆ್ಯಪ್. ರಿಮೈಂಡರ್ ಹಾಕೋಣ, ಬೀಪ್ ಅನ್ನಿಸೋಣ. ಮರೆಯುವವರಿಗೆ ಇದು ಒಳ್ಳೇದೇ. ಆದರೆ ಬೇಡ ಅಂತ ತೀರ್ಮಾನ ಮಾಡಿದವರಿಗೆ ಬೀಪ್ ಏನು ಮಾಡತ್ತೆ? ದಿನದಿಂದ ವಾರಕ್ಕೆ ಬದಲಾಯಿಸಿದಾಗ ಮಾತ್ರೆ ಮುಂದುವರಿಸುವವರು ಹೆಚ್ಚಾದರು ನಿಜ, ಆದರೂ ಬಿಡುವವರು ಉಳಿದೇ ಉಳಿದರು.

ನಮಗೆ ತುಂಬಾ ಹಿಡಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗ. 75 ಹೆಂಗಸರು, ಔಷಧಿ ಬೇರೆ ಗುಂಪಿನದು, ಆದರೆ ಕಾಯಿಲೆಯ ದಾರಿ ಇದೇ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪನ್ನು ಆಗಾಗ ನರ್ಸ್ ಒಬ್ಬರು ಭೇಟಿಯಾಗಿ ಹೇಗಿದ್ದೀರಿ, ಮಾತ್ರೆ ಹೇಗೆ ನಡೀತಿದೆ, ಏನಾದ್ರೂ ತೊಂದರೆ ಇದೆಯಾ ಅಂತ ಕೇಳುತ್ತಿದ್ದರು. ಮೂರನೇ ಗುಂಪಿಗೆ ನರ್ಸ್ ಜೊತೆಗೆ, ಮೂಳೆ ಕರಗುವ ವೇಗ ಹೇಗೆ ಇಳೀತಿದೆ ಅಂತ ಪರೀಕ್ಷೆಯ ಗ್ರಾಫ್ ಕೂಡ ತೋರಿಸುತ್ತಿದ್ದರು. ನರ್ಸ್ ಭೇಟಿಯಾದವರಲ್ಲಿ ಮಾತ್ರೆ ತಪ್ಪದೆ ತಗೊಳ್ಳುವುದು ಶೇಕಡಾ 57ರಷ್ಟು ಹೆಚ್ಚಾಯಿತು. ಗ್ರಾಫ್ ತೋರಿಸಿದ್ದರಿಂದ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ನಾವು ಗ್ರಾಫೇ ಗೆಲ್ಲತ್ತೆ ಅಂದುಕೊಳ್ಳುವ ಜನ. ಗೆದ್ದಿದ್ದು, ಬಂದು ಕೇಳುವ ಒಬ್ಬ ಮನುಷ್ಯರು. ದೇಹ ಕೊಡದ ಫೀಡ್‌ಬ್ಯಾಕನ್ನು ಪಕ್ಕದವರು ಕೊಟ್ಟರೆ ಲೂಪ್ ಮುಚ್ಚುತ್ತದೆ.

ನಮ್ಮ ಮನೆಯಲ್ಲಿ

ಸರ್ಕಾರ, ಆಸ್ಪತ್ರೆ ಏನು ಮಾಡಬೇಕು ಅನ್ನೋದು ದೊಡ್ಡ ಮಾತು. ಹಾಸ್ಟೆಲ್‌ನಲ್ಲಿ ಕೂತ ನಾವು ಮಾಡಬಹುದಾದ್ದು ಇಷ್ಟು:

1. ವಾರದಲ್ಲಿ ಒಂದು ದಿನ ಗಟ್ಟಿ ಮಾಡಿ. ಅದು ಈಗಾಗಲೇ ಏನಾದರೂ ವಿಶೇಷ ಇರುವ ದಿನವಾಗಿರಲಿ: ಸಂತೆ ದಿನ, ಶನಿವಾರದ ದೇವಸ್ಥಾನ, ಎಣ್ಣೆ ನೀರಿನ ಭಾನುವಾರ. ಗೋಡೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ತಗೊಂಡ ಮೇಲೆ ಟಿಕ್.

2. ಈ ಮಾತ್ರೆಯನ್ನು ಬೇರೆ ಮಾತ್ರೆಗಳ ಜೊತೆ ಇಡಬೇಡಿ. ಕ್ಯಾಲ್ಸಿಯಂ ಮಧ್ಯಾಹ್ನ ಅಥವಾ ರಾತ್ರಿ ಊಟದ ಹೊತ್ತಿಗೆ ಹೋಗಲಿ. ಥೈರಾಯ್ಡ್ ಮಾತ್ರೆ ಇದ್ದರೆ ಆ ಒಂದು ದಿನ ಯಾವುದು ಮೊದಲು, ಎಷ್ಟು ಹೊತ್ತು ಬಿಟ್ಟು ಅಂತ ಡಾಕ್ಟರ್ ಹತ್ರ ಕೇಳಿ ಬರೆದು ಅಂಟಿಸಿ.

3. ಆ ಅರ್ಧ ಗಂಟೆಗೆ ಒಂದು ಕೆಲಸ ಹುಡುಕಿ. ಅಂಗಳ ಗುಡಿಸಿ ರಂಗೋಲಿ ಹಾಕೋದು, ಹೂ ಕಟ್ಟೋದು, ಪೇಪರ್ ಓದೋದು. ಅದಾದ ಮೇಲೆ ಕಾಫಿ. ಕಾಫಿ ತಪ್ಪಿಲ್ಲ, ಅರ್ಧ ಗಂಟೆ ಮುಂದೆ ಹೋಗಿದೆ ಅಷ್ಟೇ.

4. ಒಂದು ವಾರ ತಪ್ಪಿದರೆ ಗಾಬರಿ ಬೇಡ. ನೆನಪಾದ ಮಾರನೇ ಬೆಳಿಗ್ಗೆ ಒಂದು ತಗೊಂಡು, ಮತ್ತೆ ಮಾಮೂಲಿ ದಿನಕ್ಕೆ ಮರಳಬೇಕು. ಒಂದೇ ದಿನ ಎರಡು ಬೇಡ. "ತಪ್ಪೋಯ್ತಲ್ಲ, ಇನ್ನು ಬಿಡು" ಅನ್ನೋದೇ ನಿಜವಾದ ಅಪಾಯ.

5. ಎದೆಯುರಿ, ನುಂಗುವಾಗ ನೋವು, ತೊಡೆಯಲ್ಲಿ ಹೊಸ ನೋವು ಬಂದರೆ ಗುಟ್ಟಾಗಿ ಮಾತ್ರೆ ನಿಲ್ಲಿಸಿ ಸುಮ್ಮನಿರೋದಲ್ಲ, ತಕ್ಷಣ ಡಾಕ್ಟರಿಗೆ ಹೇಳಬೇಕು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೂ ಹೇಳಬೇಕು. ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಇವೆ. ಡೆನೊಸುಮ್ಯಾಬ್ ಮಾತ್ರ ನಡುವೆ ಹಾಗೇ ಬಿಡುವಂಥದ್ದಲ್ಲ. ಬಿಟ್ಟರೆ ಕಳೆದುಕೊಳ್ಳುವ ವೇಗ ವಾಪಸ್ ಜೋರಾಗಿ, ಬೆನ್ನುಮೂಳೆ ಕುಸಿಯುವ ಅಪಾಯ ಇದೆ.

6. ಇದು ಸಾಯೋವರೆಗೂ ನುಂಗುವ ಮಾತ್ರೆ ಅಲ್ಲ ಅಂತ ಹೇಳಿ. ಬಿಸ್ಫಾಸ್ಫೋನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಸುಮಾರು ಐದು ವರ್ಷ ಆದ ಮೇಲೆ ಡಾಕ್ಟರ್ ಮತ್ತೆ ಪರೀಕ್ಷಿಸಿ, ಅಪಾಯ ಕಡಿಮೆ ಇದ್ದರೆ ರಜೆ ಕೊಡಬಹುದು. ಕೊನೆ ಇರುವ ದಾರಿ ನಡೆಯೋದು ಸುಲಭ.

ಯಾರಿಗೆ ಯಾವ ಮಾತ್ರೆ, ಎಷ್ಟು ವರ್ಷ ಅನ್ನೋದನ್ನು ಅವರನ್ನು ನೋಡಿದ ಡಾಕ್ಟರೇ ಹೇಳಬೇಕು, ನಮ್ಮ ಲೇಖನ ಅಲ್ಲ. ಜೊತೆಗೆ ಬಚ್ಚಲಿಗೆ ಜಾರದ ಮ್ಯಾಟ್, ರಾತ್ರಿ ಒಂದು ಸಣ್ಣ ಬಲ್ಬು, ಹಿಡಿಯೋಕೆ ಒಂದು ರಾಡು ಇವೂ ಬೇಕು. ಬೀಳದಿದ್ದರೆ ಮುರಿಯೋ ಪ್ರಶ್ನೆ ಕಡಿಮೆ.

ನಾವು ಊರಿಗೆ ಫೋನ್ ಮಾಡಿದಾಗೆಲ್ಲ ಅಜ್ಜಿ ಮೊದಲು ಕೇಳೋದು "ಊಟ ಆಯ್ತಾ?" ಅಂತ. ನಾವು ಹೂಂ ಅಂದು, ನಿಮ್ದಾಯ್ತಾ ಅಂತ ವಾಪಸ್ ಕೇಳ್ತೀವಿ. ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಸೋಣ: "ಅಜ್ಜೀ, ಈ ವಾರದ ಮಾತ್ರೆ ಆಯ್ತಾ?" ಇಲ್ಲ ಅಂದರೆ ಬೈಯೋದು ಬೇಡ. ಯಾಕೆ ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸ್ಕೊಳ್ಳೋಣ. ಅವರ ಕಾರಣದಲ್ಲೇ ಪರಿಹಾರ ಎಲ್ಲೋ ಇರತ್ತೆ.